ಬಿದ್ದದ್ದನ್ನು ಮುಚ್ಚಿಡಬೇಡಿ
ಇಳಿವಯಸ್ಸಿನಲ್ಲಿ ಬೀಳುವುದು: ಕಾರಣ, ತಡೆ ಮತ್ತು ಆರೈಕೆ



ಹಿರಿಯರ ಆರೋಗ್ಯ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು, ಕಣ್ಣಿನ ಪೊರೆ. ಇವೆಲ್ಲ ನಿಧಾನವಾಗಿ ಬರುವ ತೊಂದರೆಗಳು. ಆದರೆ ನಿನ್ನೆಯವರೆಗೆ ಹೊಲಕ್ಕೆ, ಸಂತೆಗೆ, ಗುಡಿಗೆ ತಾವೇ ಹೋಗಿ ಬರುತ್ತಿದ್ದವರನ್ನು ಒಂದೇ ದಿನದಲ್ಲಿ ಹಾಸಿಗೆ ಹಿಡಿಸುವ ಇನ್ನೊಂದು ತೊಂದರೆ ಇದೆ. ಅದೇ ಬೀಳುವುದು.

“ವಯಸ್ಸಾಯಿತು, ಬೀಳುವುದು ಸಹಜ” ಎಂದು ಬಹಳ ಜನ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ವಯಸ್ಸಾದವರು ಹೆಚ್ಚು ಬೀಳುತ್ತಾರೆ ಎನ್ನುವುದು ನಿಜ. ಆದರೆ ಕಾರಣವಿಲ್ಲದೆ ಯಾರೂ ಬೀಳುವುದಿಲ್ಲ. ಆ ಕಾರಣಗಳಲ್ಲಿ ಹೆಚ್ಚಿನವನ್ನು ಹುಡುಕಿ ಸರಿಪಡಿಸಬಹುದು. ಹುಡುಕಬೇಕಾದರೆ ಮೊದಲು ಬಿದ್ದ ಸಂಗತಿ ಮನೆಯವರಿಗೆ, ವೈದ್ಯರಿಗೆ ತಿಳಿಯಬೇಕು. ಈ ಪಾಠದ ಮುಖ್ಯ ಮಾತು ಇಷ್ಟೇ.

1. ಇದು ಸಣ್ಣ ವಿಷಯವಲ್ಲ

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವರದಿಯ ಪ್ರಕಾರ, 65 ವರ್ಷ ದಾಟಿದವರಲ್ಲಿ ಪ್ರತಿ ವರ್ಷ 100ಕ್ಕೆ 28ರಿಂದ 35 ಜನ ಒಮ್ಮೆಯಾದರೂ ಬೀಳುತ್ತಾರೆ. 70 ದಾಟಿದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಅಂದರೆ ಕಟ್ಟೆಯ ಮೇಲೆ ಕುಳಿತ ಮೂವರು ಹಿರಿಯರಲ್ಲಿ ಒಬ್ಬರು ಈ ವರ್ಷ ಬೀಳಬಹುದು. ಜಗತ್ತಿನಲ್ಲಿ ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದರದ್ದೇ.

ಬಿದ್ದವರಲ್ಲಿ ಹೆಚ್ಚಿನವರಿಗೆ ತರಚುಗಾಯ, ಮೂಗೇಟು ಮಾತ್ರ ಆಗುತ್ತದೆ. ಕೆಲವರಿಗೆ ಮಣಿಕಟ್ಟು, ಬೆನ್ನುಮೂಳೆ ಅಥವಾ ಸೊಂಟದ ಎಲುಬು ಮುರಿಯುತ್ತದೆ, ಇಲ್ಲವೇ ತಲೆಗೆ ಪೆಟ್ಟಾಗುತ್ತದೆ. ಏನೂ ಪೆಟ್ಟಾಗದಿದ್ದರೂ ಒಂದು ಗಾಯ ಉಳಿಯುತ್ತದೆ, ಅದು ಭಯ. “ಮತ್ತೆ ಬಿದ್ದರೆ ಹೇಗೆ?” ಎಂಬ ಭಯದಿಂದ ಅವರು ಹೊರಗೆ ಹೋಗುವುದನ್ನು ಬಿಡುತ್ತಾರೆ. ಓಡಾಟ ಕಡಿಮೆಯಾದರೆ ಕಾಲಿನ ಶಕ್ತಿ ಕುಗ್ಗುತ್ತದೆ. ಶಕ್ತಿ ಕುಗ್ಗಿದರೆ ಬೀಳುವ ಸಂಭವ ಇನ್ನೂ ಹೆಚ್ಚಾಗುತ್ತದೆ. ಹೀಗೆ ಭಯವೇ ಮುಂದಿನ ಬೀಳುವಿಕೆಗೆ ದಾರಿ ಮಾಡುತ್ತದೆ.

2. ಏಕೆ ಮುಚ್ಚಿಡುತ್ತಾರೆ?

“ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ” ಎಂಬ ಗಾದೆ ನಮಗೆಲ್ಲ ಗೊತ್ತು. ಹಿರಿಯರು ಬಿದ್ದ ಸಂಗತಿಯನ್ನು ಹೇಳದಿರಲು ಬರಿಯ ಅಭಿಮಾನ ಮಾತ್ರ ಕಾರಣವಲ್ಲ. ಹೇಳಿದರೆ ಮಕ್ಕಳು ಬೈಯುತ್ತಾರೆ, “ಇನ್ನು ಮೇಲೆ ಹೊರಗೆ ಹೋಗಬೇಡ” ಎನ್ನುತ್ತಾರೆ, ಆಸ್ಪತ್ರೆಯ ಖರ್ಚು ಮಾಡಿಸಬೇಕಾಗುತ್ತದೆ, ಸೊಸೆಗೆ ಕೆಲಸ ಹೆಚ್ಚಾಗುತ್ತದೆ ಎಂಬ ಸಂಕೋಚ ಅವರಿಗೆ. ಆದ್ದರಿಂದ “ಸುಮ್ಮನೆ ಸ್ವಲ್ಪ ಜಾರಿತು ಅಷ್ಟೇ” ಎಂದು ಮಾತು ಮುಗಿಸುತ್ತಾರೆ.

ಹಿರಿಯರೇ, ಮೊದಲ ಸಲ ಬಿದ್ದದ್ದು ಒಂದು ಎಚ್ಚರಿಕೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಆ ಎಚ್ಚರಿಕೆ ಸಿಕ್ಕಾಗಲೇ ಕಾರಣ ಹುಡುಕಿದರೆ ನೀವು ಇನ್ನೂ ಹಲವು ವರ್ಷ ನಿಮ್ಮ ಕಾಲ ಮೇಲೆ ಓಡಾಡಬಹುದು. ಮುಚ್ಚಿಟ್ಟರೆ ಯಾವ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ಮುಚ್ಚಿಟ್ಟಿರೋ ಅದನ್ನೇ ಕಳೆದುಕೊಳ್ಳಬೇಕಾದೀತು.

3. ಏಕೆ ಬೀಳುತ್ತಾರೆ?

ನಾವು ನೆಟ್ಟಗೆ ನಿಲ್ಲುವುದು ಸುಲಭದ ಕೆಲಸವೆಂದು ತೋರುತ್ತದೆ. ಆದರೆ ಅದಕ್ಕೆ ದೇಹದ ಅನೇಕ ಭಾಗಗಳು ಒಟ್ಟಿಗೆ ದುಡಿಯಬೇಕು. ಕಣ್ಣು ದಾರಿಯನ್ನು ತೋರಿಸುತ್ತದೆ. ಒಳಕಿವಿ ದೇಹ ಯಾವ ಕಡೆ ವಾಲಿದೆ ಎಂದು ತಿಳಿಸುತ್ತದೆ. ಪಾದದ ನರಗಳು ನೆಲದ ಏರುತಗ್ಗನ್ನು ಹೇಳುತ್ತವೆ. ಮಿದುಳು ಇವನ್ನೆಲ್ಲ ಕೂಡಿಸಿ ತೊಡೆ, ಮೀನಖಂಡಗಳ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಮುಪ್ಪಿನಲ್ಲಿ ಇವೆಲ್ಲವೂ ಸ್ವಲ್ಪ ಸ್ವಲ್ಪ ಸೋಲುತ್ತವೆ. ಸಾಮಾನ್ಯವಾಗಿ ಬೀಳುವುದಕ್ಕೆ ಒಂದೇ ಕಾರಣವಿರುವುದಿಲ್ಲ, ಎರಡು ಮೂರು ಕಾರಣಗಳು ಕೂಡಿಕೊಂಡಿರುತ್ತವೆ.

ಒಂದು ಉದಾಹರಣೆ ನೋಡೋಣ. 72 ವರ್ಷದ ಒಬ್ಬ ಯಜಮಾನರು ಇದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಬಿ.ಪಿ. ಮಾತ್ರೆ ಇದೆ. ಮೂತ್ರ ಸರಾಗವಾಗಿ ಹೋಗಲೆಂದು ಪ್ರಾಸ್ಟೇಟ್ ಗ್ರಂಥಿಗೆ ಒಂದು ಮಾತ್ರೆ, ನಿದ್ದೆಗೆ ಇನ್ನೊಂದು ಮಾತ್ರೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅವಸರವಾಗಿ ದಡಕ್ಕನೆ ಏಳುತ್ತಾರೆ. ಕರೆಂಟು ಇಲ್ಲ. ಕನ್ನಡಕ ಕೈಗೆ ಸಿಗಲಿಲ್ಲ. ಬಚ್ಚಲ ಹೊಸ್ತಿಲಲ್ಲಿ ಕಾಲು ತಾಗಿ ಬೀಳುತ್ತಾರೆ. ಬೆಳಿಗ್ಗೆ ಎಲ್ಲರೂ ಹೇಳುವುದು “ಹೊಸ್ತಿಲು ಎಡವಿ ಬಿದ್ದರು” ಎಂದು. ನಿಜದಲ್ಲಿ ಎದ್ದ ಕೂಡಲೇ ಬಿ.ಪಿ. ಇಳಿಯಿತು, ನಿದ್ದೆ ಮಾತ್ರೆಯ ಮಂಪರು ಇತ್ತು, ಬೆಳಕಿರಲಿಲ್ಲ, ಕಣ್ಣು ಮಂಜಾಗಿತ್ತು. ಇವುಗಳಲ್ಲಿ ಎರಡನ್ನು ಸರಿಪಡಿಸಿದ್ದರೂ ಅವರು ಬೀಳದೆ ಉಳಿಯುತ್ತಿದ್ದರೇನೋ!

ಮುಖ್ಯ ಕಾರಣಗಳು ಇವು:

(ಅ) ಎದ್ದಾಗ ಬಿ.ಪಿ. ಇಳಿಯುವುದು: ಮಲಗಿದ್ದವರು ಅಥವಾ ಕುಳಿತವರು ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ತರುಣರಲ್ಲಿ ದೇಹ ತಕ್ಷಣ ಅದನ್ನು ಸರಿದೂಗಿಸುತ್ತದೆ. ಹಿರಿಯರಲ್ಲಿ ತಡವಾಗುತ್ತದೆ. ಆಗ ಕಣ್ಣು ಕತ್ತಲೆ ಬಂದು ತಲೆ ತಿರುಗುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಥವಾ ಕೆಳಗಿನ ಬಿ.ಪಿ. 10ರಷ್ಟು ಇಳಿದರೆ ಅದಕ್ಕೆ ಚಿಕಿತ್ಸೆ ಬೇಕು. ಕುಳಿತಾಗ ಮಾತ್ರ ಬಿ.ಪಿ. ನೋಡಿದರೆ ಇದು ಗೊತ್ತಾಗುವುದಿಲ್ಲ. “ನಿಲ್ಲಿಸಿಯೂ ಒಮ್ಮೆ ನೋಡಿ” ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

(ಆ) ಔಷಧಗಳು: ನಿದ್ದೆಯ ಮಾತ್ರೆ, ಮನಸ್ಸಿನ ಆತಂಕಕ್ಕೆ ಕೊಡುವ ಮಾತ್ರೆ, ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’, ಪ್ರಾಸ್ಟೇಟ್ ಮಾತ್ರೆ, ಕೆಲವು ನೆಗಡಿ ಮತ್ತು ಅಲರ್ಜಿ ಮಾತ್ರೆಗಳು ತಲೆ ತಿರುಗಿಸಬಹುದು ಅಥವಾ ಮಂಪರು ತರಬಹುದು. ಬೇರೆ ಬೇರೆ ವೈದ್ಯರು ಬರೆದುಕೊಟ್ಟ ಮಾತ್ರೆಗಳು ಒಟ್ಟುಗೂಡಿದಾಗ ಈ ಅಪಾಯ ಹೆಚ್ಚು. ಆದರೆ ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಅದೂ ಅಪಾಯ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬಂದು ವೈದ್ಯರ ಮುಂದಿಡಿ.

(ಇ) ಸಕ್ಕರೆ ಕಾಯಿಲೆ: ಇದು ಎರಡು ರೀತಿಯಲ್ಲಿ ಬೀಳಿಸುತ್ತದೆ. ಹಲವು ವರ್ಷದ ಕಾಯಿಲೆಯಿಂದ ಪಾದಗಳು ಜೋಮು ಹಿಡಿದು ನೆಲದ ಅರಿವು ತಪ್ಪುತ್ತದೆ. ಇನ್ನೊಂದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಅಂಶ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ. ಸೋಮವಾರ, ಏಕಾದಶಿ, ಶಿವರಾತ್ರಿಯ ಉಪವಾಸ ಮಾಡುವವರು ಮೊದಲೇ ವೈದ್ಯರನ್ನು ಕೇಳಿ ಔಷಧದ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು.

(ಈ) ಕಣ್ಣು: ಪೊರೆ ಬಂದ ಕಣ್ಣಿಗೆ ಹೊಸ್ತಿಲು, ಮೆಟ್ಟಿಲಿನ ಅಂಚು ಸರಿಯಾಗಿ ಕಾಣುವುದಿಲ್ಲ. ದೂರಕ್ಕೂ ಓದಲಿಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಇನ್ನೊಂದು ಎಚ್ಚರಿಕೆ. ಮೆಟ್ಟಿಲು ಇಳಿಯುವಾಗ ನೋಟ ಗಾಜಿನ ಕೆಳಭಾಗದಿಂದ ಹೋಗುತ್ತದೆ. ಅದು ಓದುವ ಗಾಜು, ಆದ್ದರಿಂದ ಮೆಟ್ಟಿಲು ಮಸುಕಾಗುತ್ತದೆ. ಮೆಟ್ಟಿಲು ಇಳಿಯುವಾಗ ತಲೆಯನ್ನು ಚೆನ್ನಾಗಿ ತಗ್ಗಿಸಿ, ಗಾಜಿನ ಮೇಲ್ಭಾಗದಿಂದ ನೋಡಿ, ಕಟಕಟೆ ಹಿಡಿದು ಇಳಿಯಿರಿ.

(ಉ) ಬಿ 12 ಜೀವಸತ್ವದ ಕೊರತೆ: ಇದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ ಸಹಜವಾಗಿ ದೊರೆಯುತ್ತದೆ. ಶಾಕಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಇದರ ಮೂಲ. ವಯಸ್ಸಾದಂತೆ ಹೊಟ್ಟೆ ಇದನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ, ಹೊಟ್ಟೆ ಉರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೊರತೆ ಇನ್ನೂ ಹೆಚ್ಚು. ಪಾದ ಜೋಮು, ಕತ್ತಲೆಯಲ್ಲಿ ಅಥವಾ ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ತೂರಾಡುವುದು, ಮರೆವು, ರಕ್ತಹೀನತೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಇದಕ್ಕೆ ಚುಚ್ಚುಮದ್ದು, ಮಾತ್ರೆಗಳು ಇವೆ. ಬೇಗ ಪ್ರಾರಂಭಿಸಿದಷ್ಟೂ ಗುಣ ಹೆಚ್ಚು.

(ಊ) ಇತರ ಕಾರಣಗಳು: ಹೃದಯ ಬಡಿತದ ಏರುಪೇರು, ಪಾರ್ಶ್ವವಾಯು, ನಡುಕದ ಕಾಯಿಲೆ, ಮೊಣಕಾಲು ಸವೆತ, ಮೂತ್ರದ ಸೋಂಕು, ಜ್ವರ, ವಾಂತಿಭೇದಿಯಿಂದ ನೀರಿನಂಶ ಕಡಿಮೆಯಾಗುವುದು, ಮದ್ಯಪಾನ. ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಎದೆ ಡವಡವ ಎಂದು ಬಿದ್ದಿದ್ದರೆ ತಡಮಾಡದೆ ಹೃದಯ ಪರೀಕ್ಷೆ ಆಗಲೇಬೇಕು.

4. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ

ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕುರ್ಚಿಯಿಂದ ಮೂರು ಮೀಟರು, ಅಂದರೆ ಸುಮಾರು ಹತ್ತು ಅಡಿ ದೂರದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಹಿರಿಯರು ಕುರ್ಚಿಯಿಂದ ಎದ್ದು, ಎಂದಿನಂತೆ ನಡೆದು, ಗೆರೆ ಮುಟ್ಟಿ ತಿರುಗಿ ಬಂದು ಮತ್ತೆ ಕೂರಬೇಕು. ನಿತ್ಯ ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಲಿ. ಮನೆಯವರೊಬ್ಬರು ಪಕ್ಕದಲ್ಲೇ ಇರಬೇಕು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಸಂಭವ ಇದೆ ಎಂದು ತಿಳಿದು ವೈದ್ಯರಿಗೆ ತೋರಿಸಿ. ಏಳುವಾಗ ಕೈ ಊರಲೇಬೇಕಾಗುತ್ತದೆಯೇ, ತಿರುಗುವಾಗ ತೂರಾಡುತ್ತಾರೆಯೇ, ಗೋಡೆ ಹಿಡಿಯುತ್ತಾರೆಯೇ ಎಂಬುದನ್ನೂ ಗಮನಿಸಿ.

5. ಮನೆಯನ್ನು ಒಮ್ಮೆ ಸುತ್ತಿ ನೋಡಿ

ಬಚ್ಚಲು ಮತ್ತು ಶೌಚಾಲಯ: ನೀರು, ಸಾಬೂನು, ಎಣ್ಣೆ ಸೇರಿದ ನುಣುಪು ಫರ್ಶಿಗಿಂತ ಅಪಾಯದ ಜಾಗ ಬೇರೆ ಇಲ್ಲ. ಯುಗಾದಿ, ದೀಪಾವಳಿಯ ಎಣ್ಣೆ ಸ್ನಾನದ ದಿನ ಇನ್ನೂ ಎಚ್ಚರ ಬೇಕು. ಒರಟು ಹಾಸು ಹಾಕಿ. ಗೋಡೆಗೆ ಗಟ್ಟಿಯಾಗಿ ಹಿಡಿಕೆ ಕೂರಿಸಿ. ಟವೆಲ್ ಹಾಕುವ ಸಲಾಕೆ ಮನುಷ್ಯನ ಭಾರ ತಾಳುವುದಿಲ್ಲ, ಅದನ್ನು ಹಿಡಿದು ಏಳಬೇಡಿ. ಕುಳಿತು ಸ್ನಾನ ಮಾಡಲು ಅಗಲ ಕಾಲಿನ ಸ್ಟೂಲು ಇರಲಿ. ಬಹಳ ಬಿಸಿ ನೀರು ಹೊಯ್ದುಕೊಂಡರೆ ರಕ್ತನಾಳ ಹಿಗ್ಗಿ ಬಿ.ಪಿ. ಇಳಿಯುತ್ತದೆ, ಹದವಾದ ಬಿಸಿ ಸಾಕು. ಕುಕ್ಕುರುಗಾಲಲ್ಲಿ ಕೂತು ಏಳಲು ಕಷ್ಟವಾದವರಿಗೆ ನಡುವೆ ತೂತಿರುವ ಕಮೋಡ್ ಕುರ್ಚಿ ಉಪಯುಕ್ತ. ಒಳಗಿನಿಂದ ಚಿಲಕ ಹಾಕದಿರುವುದು ಒಳ್ಳೆಯದು.

ನೆಲ: ಬಾಗಿಲಲ್ಲಿ ಮಡಚಿ ಹಾಕಿದ ಗೋಣಿಚೀಲ, ಅಂಚು ಎದ್ದ ಜಮಖಾನೆ, ಮೊಬೈಲು ಚಾರ್ಜ್ ಮಾಡುವ ವೈರು, ಮಕ್ಕಳ ಆಟಿಕೆ, ದನ ಕಟ್ಟುವ ಹಗ್ಗ ಇವೆಲ್ಲ ಓಡಾಡುವ ದಾರಿಯಲ್ಲಿ ಇರಬಾರದು. ನೆಲ ಒರೆಸಿದ ಮೇಲೆ, ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ಒಣಗುವವರೆಗೆ ಹಿರಿಯರಿಗೆ ಹೇಳಿ. ಹೊಸ್ತಿಲಿಗೆ, ಮೆಟ್ಟಿಲಿನ ಅಂಚಿಗೆ ಬಿಳಿ ಅಥವಾ ಹಳದಿ ಬಣ್ಣದ ಪಟ್ಟಿ ಬಳಿಯಿರಿ. ಖರ್ಚು ಬಹಳ ಕಡಿಮೆ, ಉಪಯೋಗ ಬಹಳ ಹೆಚ್ಚು.

ರಾತ್ರಿ: ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪ ಉರಿಯಲಿ. ದಿಂಬಿನ ಪಕ್ಕದಲ್ಲಿ ಟಾರ್ಚು, ಕನ್ನಡಕ, ಕೋಲು ಕೈಗೆಟುಕುವಂತೆ ಇರಲಿ. ರಾತ್ರಿ ಪದೇ ಪದೇ ಏಳುವವರು ಸಂಜೆಯ ನಂತರ ಚಹಾ, ಕಾಫಿ ಕಡಿಮೆ ಮಾಡಿ, ಮೂತ್ರದ ಪಾತ್ರೆಯನ್ನು ಹಾಸಿಗೆಯ ಬಳಿಯೇ ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಉಡುಪು ಮತ್ತು ಪಾದರಕ್ಷೆ: ಧೋತರ, ಸೀರೆ ನೆಲಕ್ಕೆ ತಾಗದಂತೆ ಎರಡು ಬೆರಳು ಮೇಲಕ್ಕೆ ಉಡಿ. ಅಡಿ ಸವೆದ ಹವಾಯಿ ಚಪ್ಪಲಿಯನ್ನು ಎಸೆಯಿರಿ. ಹಿಂದೆ ಪಟ್ಟಿ ಇರುವ, ಒರಟು ಅಡಿಯ, ಹಗುರ ಚಪ್ಪಲಿ ಒಳ್ಳೆಯದು. ನುಣುಪು ನೆಲದ ಮೇಲೆ ಬರಿಯ ಕಾಲುಚೀಲ ಹಾಕಿ ನಡೆಯಬೇಡಿ.

ಏಳುವ ಕ್ರಮ: ಮಲಗಿದ್ದವರು ಮೊದಲು ಪಕ್ಕಕ್ಕೆ ಹೊರಳಿ ಎದ್ದು ಕುಳಿತುಕೊಳ್ಳಿ. ಕುಳಿತು ಒಂದೆರಡು ನಿಮಿಷ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಆಸರೆ ಹಿಡಿದು ನಿಂತು ಹತ್ತು ಎಣಿಸಿ. ತಲೆ ತಿರುಗದಿದ್ದರೆ ಮಾತ್ರ ಹೆಜ್ಜೆ ಇಡಿ. ಪೂಜೆಗೆ, ಊಟಕ್ಕೆ ನೆಲದ ಮೇಲೆ ಬಹಳ ಹೊತ್ತು ಕುಳಿತು ಏಳುವಾಗಲೂ ಇದೇ ಕ್ರಮ. ನೆಲದಿಂದ ಏಳಲು ಕಷ್ಟವಾದವರು ಕುರ್ಚಿಯ ಮೇಲೆ ಕುಳಿತೇ ಪೂಜೆ ಮಾಡಿದರೆ ಭಕ್ತಿಗೆ ಯಾವ ಕೊರತೆಯೂ ಆಗದು.

6. ಕಾಲಿಗೆ ಬಲ ಬರಬೇಕು

ಸಮತೋಲ ಮತ್ತು ಕಾಲಿನ ಬಲ ಹೆಚ್ಚಿಸುವ ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಪರಿಶೀಲನೆ ತಿಳಿಸುತ್ತದೆ. ನಡಿಗೆ ಒಳ್ಳೆಯದೇ, ಆದರೆ ನಡಿಗೆಯೊಂದೇ ಇದಕ್ಕೆ ಸಾಲದು. ಕೆಳಗಿನವನ್ನು ಗೋಡೆ, ಕಿಟಕಿ ಅಥವಾ ಗಟ್ಟಿ ಮೇಜಿನ ಪಕ್ಕದಲ್ಲಿ ಮಾಡಿ:

• ಗೋಡೆಗೆ ಒರಗಿಸಿಟ್ಟ ಕುರ್ಚಿಯಿಂದ ಎದ್ದು ನಿಂತು, ನಿಧಾನವಾಗಿ ಕುಳಿತುಕೊಳ್ಳಿ. ಮೊದಲು 5 ಸಲ, ರೂಢಿಯಾದಂತೆ 10 ಸಲ. ಸಾಧ್ಯವಾದಷ್ಟು ಕೈ ಊರದೆ ಮಾಡಿ.
• ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ, ತುದಿಗಾಲ ಮೇಲೆ ನಿಂತು ಇಳಿಯಿರಿ. 10 ಸಲ.
• ಆಸರೆ ಹಿಡಿದು ಒಂದು ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ, ನಂತರ ಇನ್ನೊಂದು ಕಾಲು.
• ಗೋಡೆ ಪಕ್ಕದಲ್ಲಿ, ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ತುದಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಯಿರಿ.

ವಾರಕ್ಕೆ ಕನಿಷ್ಠ ಮೂರು ದಿನ ಮಾಡಿ. ಎದೆನೋವು, ಉಬ್ಬಸ, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹೃದಯರೋಗ ಇರುವವರು ವೈದ್ಯರನ್ನು ಕೇಳಿಯೇ ಪ್ರಾರಂಭಿಸಬೇಕು.

7. ಊಟದ ವಿಷಯ

ಹಲ್ಲಿಲ್ಲ, ಹಸಿವಿಲ್ಲ ಎಂದು ಎಷ್ಟೋ ಹಿರಿಯರು ಬರೀ ಗಂಜಿ, ಚಹಾ, ಬಿಸ್ಕತ್ತಿನಲ್ಲಿ ದಿನ ಕಳೆಯುತ್ತಾರೆ. ಇದರಿಂದ ಸ್ನಾಯು ಕರಗುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನು ಬೇಕು. ಬೇಯಿಸಿ ಮೆದು ಮಾಡಿದ ಹೆಸರುಬೇಳೆ, ತೊಗರಿಬೇಳೆ ಕಟ್ಟು, ಮೊಳಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಾಲು, ಮೊಸರು ಪ್ರತಿ ಊಟದಲ್ಲೂ ಏನಾದರೊಂದು ಇರಲಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ಎಲುಬಿಗೆ ಕ್ಯಾಲ್ಸಿಯಂ ದಿನಕ್ಕೆ ಸುಮಾರು 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೋಳದಲ್ಲಿ ಇದರ ಹತ್ತನೆಯ ಒಂದು ಭಾಗವೂ ಇಲ್ಲ. ಆದ್ದರಿಂದ ರೊಟ್ಟಿ ಉಣ್ಣುವ ಮನೆಗಳಲ್ಲಿ ಹಾಲು ಮೊಸರಿನ ಜೊತೆಗೆ ಎಳ್ಳು, ಸೊಪ್ಪು ಹೆಚ್ಚಾಗಿರಲಿ, ವಾರಕ್ಕೆ ಕೆಲವು ದಿನ ರಾಗಿ ಅಂಬಲಿಯೂ ಇರಲಿ. ಡಿ ಜೀವಸತ್ವಕ್ಕೆ ಬಿಸಿಲು ಬೇಕು, ದಿನವೂ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗಲಿ. ಡಿ ಜೀವಸತ್ವದ ಮಾತ್ರೆಯನ್ನು ಅಂಗಡಿಯಿಂದ ಕೇಳಿ ತಂದು ಮನಸ್ಸಿಗೆ ಬಂದಷ್ಟು ನುಂಗಬೇಡಿ. ವರ್ಷಕ್ಕೊಮ್ಮೆ ಬಹಳ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಬೀಳುವುದು, ಎಲುಬು ಮುರಿಯುವುದು ಹೆಚ್ಚಾಯಿತೆಂದು ಆಸ್ಟ್ರೇಲಿಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

8. ಕೋಲು ಹಿಡಿಯುವ ಕ್ರಮ

ಕೋಲು ಹಿಡಿಯುವುದು ಮುಪ್ಪಿಗೆ ಸೋತಂತೆ ಎಂದು ಭಾವಿಸಬೇಡಿ. ಅದು ಮೂರನೆಯ ಕಾಲು. ಚಪ್ಪಲಿ ಹಾಕಿ ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಬಹಳ ಜನ ನೋವಿರುವ ಕಾಲಿನ ಕಡೆಗೇ ಕೋಲು ಹಿಡಿಯುತ್ತಾರೆ. ಇದು ತಪ್ಪು. ಬಲಗಾಲು ನೋವಿದ್ದರೆ ಎಡಗೈಯಲ್ಲಿ ಕೋಲು ಹಿಡಿದು, ಬಲಗಾಲನ್ನೂ ಕೋಲನ್ನೂ ಒಟ್ಟಿಗೆ ಮುಂದಿಡಬೇಕು. ಕೋಲಿನ ತುದಿಗೆ ರಬ್ಬರಿನ ಬೂಚು ಇರಲಿ, ಸವೆದಾಗ ಬದಲಾಯಿಸಿ.

9. ಬಿದ್ದಾಗ ಏನು ಮಾಡಬೇಕು?

ಬಿದ್ದವರು ದಡಬಡಿಸಿ ಏಳಬಾರದು. ಮೊದಲು ಉಸಿರು ಸುಧಾರಿಸಿಕೊಂಡು, ಎಲ್ಲಿ ನೋವಿದೆ ನೋಡಿಕೊಳ್ಳಿ. ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಕೈ ಮತ್ತು ಮೊಣಕಾಲೂರಿ, ಹತ್ತಿರದ ಕುರ್ಚಿ ಅಥವಾ ಹೊರಸಿನವರೆಗೆ ಅಂಬೆಗಾಲಲ್ಲಿ ಹೋಗಿ. ಅದರ ಮೇಲೆ ಎರಡೂ ಕೈ ಊರಿ, ಬಲವಾದ ಕಾಲನ್ನು ಮೊದಲು ಮುಂದಿಟ್ಟು ಎದ್ದು ಕುಳಿತುಕೊಳ್ಳಿ. ಏಳಲಾಗದಿದ್ದರೆ ಕೂಗಿ, ತಟ್ಟೆ ಲೋಟ ಬಡಿದು ಸದ್ದು ಮಾಡಿ, ಮೈಮೇಲೆ ಏನಾದರೂ ಹೊದ್ದುಕೊಂಡು ಬೆಚ್ಚಗಿರಿ. ಒಬ್ಬರೇ ಇರುವವರು ಮೊಬೈಲನ್ನು ಅಂಗಿಯ ಕಿಸೆಯಲ್ಲಿ ಅಥವಾ ಕೊರಳಿಗೆ ಹಾಕಿದ ಚೀಲದಲ್ಲಿ ಇಟ್ಟುಕೊಳ್ಳಿ.

ಮನೆಯವರು ಗಮನಿಸಿ: ಬಿದ್ದವರ ಕಾಲು ಗಿಡ್ಡವಾಗಿ, ಪಾದ ಹೊರಗಡೆ ತಿರುಗಿಕೊಂಡಿದ್ದರೆ, ಕಾಲೂರಲು ಆಗದಿದ್ದರೆ ಸೊಂಟದ ಎಲುಬು ಮುರಿದಿರಬಹುದು. ಕೆಲವೊಮ್ಮೆ ಎಲುಬು ಮುರಿದಿದ್ದರೂ ಕುಂಟುತ್ತಾ ನಡೆಯುವವರಿದ್ದಾರೆ, ಆದ್ದರಿಂದ ತೊಡೆಸಂದಿಯ ನೋವು ಉಳಿದರೆ ಎಕ್ಸ್‌ರೇ ಬೇಕೇ ಬೇಕು. ಕಂಕುಳಲ್ಲಿ ಕೈ ಹಾಕಿ ಎಳೆದು ನಿಲ್ಲಿಸಬೇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಎಲುಬು ಕಟ್ಟಿಸಲು ಊರೂರು ಅಲೆಯಬೇಡಿ. ಎರಡು ಕಾಲುಗಳ ನಡುವೆ ದಿಂಬಿಟ್ಟು ಸಡಿಲವಾಗಿ ಕಟ್ಟಿ, 108ಕ್ಕೆ ಫೋನು ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಊಟ, ತಿಂಡಿ ಕೊಡಬೇಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದ ಲಕ್ಷಣವಿದ್ದು ಎಚ್ಚರವಿದ್ದರೆ ಮಾತ್ರ ಸಕ್ಕರೆ ನೀರು ಕುಡಿಸಿ, ಆಸ್ಪತ್ರೆಯಲ್ಲಿ ಅದನ್ನು ತಿಳಿಸಿ.

ತಲೆಗೆ ಪೆಟ್ಟಾಗಿದ್ದರೆ: ವಾಂತಿ, ಮಂಪರು, ತಡವರಿಕೆಯ ಮಾತು, ಕೈಕಾಲು ಸೋಲು ಕಂಡರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಹಿರಿಯರಲ್ಲಿ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಜಿನುಗಿ, ಎರಡು ಮೂರು ವಾರಗಳ ನಂತರ ತಲೆನೋವು, ಮರೆವು, ನಡಿಗೆಯಲ್ಲಿ ವ್ಯತ್ಯಾಸ ಕಾಣಿಸಿಕೊಳ್ಳಬಹುದು. ಆಗ ಮನೆಯವರು ಹಳೆಯ ಪೆಟ್ಟನ್ನು ಮರೆತಿರುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸಣ್ಣ ಪೆಟ್ಟಾದರೂ ಅದೇ ದಿನ ತೋರಿಸಬೇಕು.

10. ಸೊಂಟದ ಎಲುಬು ಮುರಿದರೆ

ಜನ ಇದನ್ನು ‘ಸೊಂಟ ಮುರಿಯಿತು’ ಎನ್ನುತ್ತಾರೆ. ಮುರಿಯುವುದು ತೊಡೆಯ ಎಲುಬಿನ ಮೇಲ್ತುದಿ. “ಇಷ್ಟು ವಯಸ್ಸಿನಲ್ಲಿ ಆಪರೇಷನ್ ಬೇಡ, ಮನೆಯಲ್ಲೇ ಮಲಗಿರಲಿ” ಎಂದು ಬಂಧುಗಳು ಹೇಳುವುದುಂಟು. ಅವರ ಪ್ರೀತಿ ನಿಜ, ಆದರೆ ತೀರ್ಮಾನ ಹೆಚ್ಚಾಗಿ ತಪ್ಪು. ಹಿರಿಯರಿಗೆ ಮಲಗಿರುವುದೇ ದೊಡ್ಡ ಅಪಾಯ. ಆರೋಗ್ಯವಂತ ಹಿರಿಯರು ಕೇವಲ ಹತ್ತು ದಿನ ಹಾಸಿಗೆಯಲ್ಲೇ ಇದ್ದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಕರಗಿದ್ದು ಕಂಡುಬಂದಿದೆ. ಮಲಗಿದಲ್ಲೇ ಇದ್ದರೆ ಬೆನ್ನಿಗೆ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೂತ್ರದ ಸೋಂಕು ಆಗುತ್ತವೆ. ಸೊಂಟದ ಎಲುಬು ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಿಗಿಂತ ಕಡಿಮೆಯಿಲ್ಲದಷ್ಟು ಜನ ವರ್ಷದೊಳಗೆ ತೀರಿಕೊಳ್ಳುವುದಕ್ಕೆ ಇವೂ ಮುಖ್ಯ ಕಾರಣ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ದೇಹ ಸ್ಥಿತಿ ಅನುಕೂಲವಿದ್ದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನದಿಂದಲೇ ಎಬ್ಬಿಸಿ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುವುದು ಈಗಿನ ಪದ್ಧತಿ. ವಯಸ್ಸೊಂದೇ ಶಸ್ತ್ರಚಿಕಿತ್ಸೆಗೆ ಅಡ್ಡಿಯಲ್ಲ. ವ್ಯಾಯಾಮ ಮಾಡಿಸಲು ಬಂದವರು ನಿಮ್ಮನ್ನು ನಿಲ್ಲಿಸಿದಾಗ “ನೋವಿದೆ, ನಾಳೆ ನೋಡೋಣ” ಎನ್ನಬೇಡಿ. ನೋವಿಗೆ ಔಷಧ ಕೇಳಿ, ಆದರೆ ಏಳುವುದನ್ನು ಮುಂದೂಡಬೇಡಿ.

ಮುರಿದ ಎಲುಬು ಕೂಡಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಸಣ್ಣ ಬೀಳುವಿಕೆಗೆ ಎಲುಬು ಮುರಿದಿದೆ ಎಂದರೆ ಎಲುಬು ಟೊಳ್ಳಾಗಿದೆ ಎಂದರ್ಥ. ಮತ್ತೊಂದು ಎಲುಬು ಮುರಿಯದಂತೆ ಔಷಧಗಳಿವೆ. ವಾರಕ್ಕೊಮ್ಮೆಯ ಮಾತ್ರೆ ಬರೆದುಕೊಟ್ಟಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ನೆಟ್ಟಗೆ ಕುಳಿತಿರಬೇಕು. ಬಿಡುಗಡೆಯ ದಿನ “ಎಲುಬು ಗಟ್ಟಿಯಾಗಲು ಏನು ಮಾಡಬೇಕು?” ಎಂದು ತಪ್ಪದೆ ಕೇಳಿ.

11. ವಾರ್ಡಿನಲ್ಲಿ ಇರುವವರಿಗೆ

ಆಸ್ಪತ್ರೆಯಲ್ಲೂ ಹಿರಿಯರು ಬೀಳುತ್ತಾರೆ. ಜಾಗ ಹೊಸದು, ಮಂಚ ಎತ್ತರ, ಕೈಗೆ ಸಲೈನ್ ನಳಿಕೆ, ಮೈಯಲ್ಲಿ ನಿಶ್ಶಕ್ತಿ. ಮಂಚದಿಂದ ಇಳಿಯುವ ಮೊದಲು ದಾದಿಯರನ್ನು ಅಥವಾ ಜೊತೆಗಿರುವವರನ್ನು ಕರೆಯಿರಿ. “ರಾತ್ರಿ ಅವರ ನಿದ್ದೆ ಏಕೆ ಕೆಡಿಸುವುದು?” ಎಂದು ಒಬ್ಬರೇ ಏಳಬೇಡಿ. ಜೊತೆಗಿರುವ ಬಂಧುಗಳು ಊಟಕ್ಕೆ, ಔಷಧದ ಅಂಗಡಿಗೆ ಹೋಗುವಾಗ ದಾದಿಯರಿಗೆ ಹೇಳಿ ಹೋಗಿ. ನೀರು, ಕನ್ನಡಕ, ಚಪ್ಪಲಿ ಕೈಗೆಟುಕುವಂತೆ ಇಟ್ಟು ಹೋಗಿ.

12. ಬಂಧುಗಳಿಗೆ ಒಂದು ಮಾತು

“ಬಿದ್ದವರಿಗೆ ಆಳಿಗೊಂದು ಕಲ್ಲು” ಎಂಬಂತೆ ಬಿದ್ದ ಹಿರಿಯರಿಗೆ ಮನೆಯ ಪ್ರತಿಯೊಬ್ಬರೂ ಒಂದೊಂದು ಬೈಗುಳ ಕೊಡಬಾರದು. “ನೋಡಿ ನಡೆಯಬಾರದೇ?”, “ನಿನ್ನನ್ನು ಯಾರು ಹೋಗು ಅಂದರು?” ಎಂದು ಒಮ್ಮೆ ಕೇಳಿದರೆ ಸಾಕು, ಮುಂದಿನ ಸಲ ಅವರು ಹೇಳುವುದೇ ಇಲ್ಲ. ಅದರ ಬದಲು, “ಅಪ್ಪಾ, ಬೀಳುವ ಮುಂಚೆ ತಲೆ ತಿರುಗಿತ್ತೇನು?”, “ಅವ್ವಾ, ಎಲ್ಲಿ ಕಾಲು ತಾಗಿತು, ತೋರಿಸು” ಎಂದು ಸಮಾಧಾನದಿಂದ ಕೇಳಿ. ಹೊರಗೆ ಹೋಗುವುದನ್ನು ಪೂರ್ತಿ ನಿಲ್ಲಿಸಬೇಡಿ. ಜೊತೆಗೆ ಒಬ್ಬ ಮೊಮ್ಮಗನನ್ನು ಕಳಿಸಿ, ಕೋಲು ಕೊಡಿ, ಒಳ್ಳೆಯ ಚಪ್ಪಲಿ ಕೊಡಿಸಿ. ಕೂಡಿಹಾಕಿದರೆ ಬೀಳದಂತೆ ಕಾಯ್ದ ಹಾಗಾಗುವುದಿಲ್ಲ, ಕಾಲಿನ ಬಲ ಕಳೆದು ಮುಂದೆ ಬೀಳಲು ಅಣಿಗೊಳಿಸಿದ ಹಾಗಾಗುತ್ತದೆ.

13. ವೈದ್ಯರಿಗೆ ಏನೇನು ಹೇಳಬೇಕು?

• ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ, ಎಷ್ಟು ಸಲ ಬೀಳುವಂತಾಯಿತು?
• ಯಾವ ಹೊತ್ತಿನಲ್ಲಿ, ಎಲ್ಲಿ, ಏನು ಮಾಡುತ್ತಿದ್ದಾಗ?
• ಬೀಳುವ ಮೊದಲು ತಲೆಸುತ್ತು, ಕಣ್ಣು ಕತ್ತಲೆ, ಎದೆ ಡವಡವ ಇತ್ತೇ? ಪ್ರಜ್ಞೆ ತಪ್ಪಿತ್ತೇ?
• ತಾನಾಗಿಯೇ ಏಳಲು ಆಯಿತೇ?
• ಯಾವ ಯಾವ ಮಾತ್ರೆ ನಡೆಯುತ್ತಿದೆ? ಇತ್ತೀಚೆಗೆ ಯಾವುದು ಹೊಸದು?
• ಕಣ್ಣಿನ ಪರೀಕ್ಷೆ ಯಾವಾಗ ಆಗಿತ್ತು?

ಇವುಗಳ ಉತ್ತರವನ್ನು ಮೊಮ್ಮಕ್ಕಳಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ವೈದ್ಯರ ಅರ್ಧ ಕೆಲಸ ಆದಂತೆಯೇ.

ಹಿರಿಯರೇ, ನೀವು ನಡೆದಾಡಿಕೊಂಡಿದ್ದರೆ ಮನೆಗೆ ಕಳೆ. ನಿಮ್ಮ ಸ್ನಾನ, ಪೂಜೆ, ಊಟ ನೀವೇ ಮಾಡಿಕೊಳ್ಳುವ ಶಕ್ತಿ ಕೊನೆಯವರೆಗೂ ಉಳಿಯಲಿ ಎಂಬುದೇ ನಮ್ಮ ಹಾರೈಕೆ. ಅದಕ್ಕೆ ಮೊದಲ ಹೆಜ್ಜೆ ಬಹಳ ಸಣ್ಣದು. ಈ ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದರೆ, ಇಂದು ವೈದ್ಯರು ನಿಮ್ಮ ಮಂಚದ ಬಳಿ ಬಂದಾಗ ಅಥವಾ ಚೀಟಿ ಹಿಡಿದು ಒಳಗೆ ಹೋದಾಗ, ಅವರು ಕೇಳದಿದ್ದರೂ ನೀವೇ ಹೇಳಿ: “ನಾನು ಬಿದ್ದಿದ್ದೆ.”